ಏಕೆಂದು ಕೇಳದ ಕಾರು

ಮಗಳ ಬಾಣಂತನಕ್ಕೆಂದು 2018ರಲ್ಲಿ ನಾನು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರಕ್ಕೆ ಹೋಗಿದ್ದೆ. ಆ ವರ್ಷವೇ ನನಗೆ ಹೈಸ್ಕೂಲಿನ ಕೆಲಸದಿಂದ ನಿವೃತ್ತಿಯಾಗಿತ್ತು. ಹೊರಡುವ ಮೊದಲು ನೆಂಟರಿಷ್ಟರೆಲ್ಲ ಬಂದು, ಹಿಮದ ಬೆಟ್ಟದ ಫೋಟೋ ತಾ, ಚಾಕೊಲೇಟು ತಾ ಎಂದು ಹೇಳಿ ಹೋಗಿದ್ದರು. ಬಾಣಂತಿಗೆ ನೀರು ಹಾಕಲು ಹೋದವಳಿಗೆ ಹಿಮದ ಬೆಟ್ಟ ಎಲ್ಲಿಂದ ಕಾಣಬೇಕು? ಮೊದಲ ಒಂದೂವರೆ ತಿಂಗಳು ನಾನು ಕಂಡದ್ದು ಮೂರೇ: ಅಡುಗೆ ಮನೆ, ಮಗುವಿನ ತೊಟ್ಟಿಲು, ಮತ್ತು ಆ ಕಟ್ಟಡದ ನೆಲಮಾಳಿಗೆಯಲ್ಲಿದ್ದ ಬಟ್ಟೆ ಒಗೆಯುವ ಕೋಣೆ. ಈಗ ಹೇಳಹೊರಟಿರುವ ಮಾತು ಆ ಒಗೆಯುವ ಕೋಣೆಯಿಂದಲೇ ಶುರುವಾಗುತ್ತದೆ.

ಹನ್ನೆರಡು ಮನೆಗಳ ಆ ಕಟ್ಟಡಕ್ಕೆ ಇದ್ದದ್ದು ಒಂದೇ ಒಗೆಯುವ ಯಂತ್ರ, ಒಂದೇ ಒಣಗಿಸುವ ಯಂತ್ರ. ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಯಾರಿಗೆ ಯಾವ ದಿನ, ಎಷ್ಟು ಹೊತ್ತಿನವರೆಗೆ ಎಂದು ಅದರಲ್ಲಿ ಅವರವರೇ ಹೆಸರು ಬರೆದಿಡಬೇಕು. ಮುಗಿದ ಮೇಲೆ ಯಂತ್ರದ ಬಾಯಿ ಒರೆಸಿ, ಜಾಲರಿಯಲ್ಲಿ ಕೂತ ನೂಲಿನ ಕಸ ತೆಗೆದು, ನೆಲ ಗುಡಿಸಿ ಬರಬೇಕು. ಇದೊಂದೂ ಗೊತ್ತಿಲ್ಲದೆ ನಾನು ಒಂದು ಬೆಳಿಗ್ಗೆ ಮಗುವಿನ ಬಟ್ಟೆಯ ಗಂಟು ಹೊತ್ತು ಇಳಿದುಬಿಟ್ಟೆ. ಯಂತ್ರ ತಿರುಗಲು ಶುರುವಾಗಿತ್ತು, ಅಷ್ಟರಲ್ಲಿ ಮೇಲಿನ ಮನೆಯ ಮುದುಕಿ ಬಂದು ಏನೂ ಮಾತಾಡದೆ ಗೋಡೆಯ ಹಾಳೆಯ ಮೇಲೆ ಬೆರಳಿಟ್ಟು ನಿಂತಳು. ಭಾಷೆ ಬಾರದಿದ್ದರೂ ಬೆರಳು ಹೇಳಿದ್ದು ಅರ್ಥವಾಯಿತು. ಮಗಳು ಹಸಿ ಮೈಯಲ್ಲೇ ಮೆಟ್ಟಿಲಿಳಿದು ಬಂದು ಕ್ಷಮೆ ಕೇಳಿದಳು.

ನನಗೆ ಅವಮಾನವಾಗಿತ್ತು. "ಇಷ್ಟು ದುಡ್ಡಿರುವ ದೇಶ. ಮನೆಗೊಂದು ವಾಷಿಂಗ್ ಮೆಷೀನು ಇಟ್ಟುಕೊಳ್ಳಲಾಗದ ದರಿದ್ರ ಏನೇ ನಿಮಗೆ?" ಎಂದು ರೇಗಿದೆ. ಮಗಳು ನಕ್ಕಳು. "ಅಮ್ಮ, ವಾರಕ್ಕೆ ಮೂರು ಗಂಟೆ ಬೇಕಾಗುವ ಯಂತ್ರಕ್ಕೆ ವಾರವೆಲ್ಲ ಮನೆಯೊಳಗೆ ಜಾಗ ಯಾಕೆ? ನಮ್ಮ ಕಾರೂ ಹೀಗೇ" ಎಂದಳು.

ಅವರಿಗೆ ಕಾರಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮನೆಯ ಮುಂದೆ ಒಂದೂ ನಿಂತಿರಲಿಲ್ಲ. ಅಳಿಯ ದಿನಾ ಟ್ರ್ಯಾಮಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಪಾಪ, ಇನ್ನೂ ಕೊಳ್ಳುವ ತ್ರಾಣ ಬಂದಿಲ್ಲ ಎಂದುಕೊಂಡು ನಾನೂ ಕೆದಕಿರಲಿಲ್ಲ.

ನಲವತ್ತೆಂಟು ದಿನ ಕಳೆದ ಮೇಲೆ ಮಗುವನ್ನು ದೇವರಿಗೆ ತೋರಿಸಿ ಬರೋಣ ಎಂದೆ. ಊರಂಚಿನ ಆಡ್ಲಿಸ್ವಿಲ್ ಎಂಬಲ್ಲಿ ತಮಿಳರು ಕಟ್ಟಿಕೊಂಡ ಸುಬ್ರಹ್ಮಣ್ಯನ ಗುಡಿ ಇದೆ. ಮಗಳು ಕೂತಲ್ಲೇ ಫೋನಿನಲ್ಲಿ ಏನೋ ಒತ್ತಿದಳು. ಐದು ನಿಮಿಷ ನಡೆದರೆ ಒಂದು ಕೆಂಪು ಕಾರು ನಿಂತಿತ್ತು. ಪರ್ಸಿನಿಂದ ಒಂದು ಕಾರ್ಡು ತೆಗೆದು ಗಾಜಿನ ಮೂಲೆಗೆ ಹಿಡಿದಳು, ಬಾಗಿಲು ತೆರೆದುಕೊಂಡಿತು. ಕೀ ಕಾರಿನೊಳಗೇ ಇತ್ತು. "ನಿನ್ನ ಗಂಡನಿಗೆ ಹೇಳಿದ್ದೀಯೇನೇ?" ಎಂದೆ ಅಭ್ಯಾಸಬಲದಿಂದ. "ಯಾಕೆ ಹೇಳಬೇಕು? ಕಾರೇನು ಅವರದ್ದಾ?" ಎಂದಳು. "ಮತ್ತೆ ಯಾರದ್ದು?" "ಸಂಘದ್ದು. ನಾನೂ ಸದಸ್ಯೆ."

ಗುಡಿಗೆ ಹೋಗಿ, ಮಂಗಳಾರತಿ ಮುಗಿಸಿ, ಮೂರು ಗಂಟೆಯೊಳಗೆ ತಂದು ಅದೇ ಜಾಗದಲ್ಲಿ ನಿಲ್ಲಿಸಿದೆವು. ಎಷ್ಟು ಗಂಟೆ, ಎಷ್ಟು ಕಿಲೋಮೀಟರು ಎನ್ನುವುದರ ಮೇಲೆ ಬಾಡಿಗೆ. ಪೆಟ್ರೋಲು, ವಿಮೆ, ರಿಪೇರಿ ಎಲ್ಲ ಅದರಲ್ಲೇ ಸೇರಿದೆ. ಟ್ಯಾಂಕು ಬರಿದಾಗುತ್ತ ಬಂದಿದ್ದರೆ ಕಾರಿನಲ್ಲೇ ಇರುವ ಕಾರ್ಡಿನಿಂದ ತುಂಬಿಸಿ, ಮುಂದಿನವರಿಗೆ ತೊಂದರೆಯಾಗದಂತೆ ಬಿಟ್ಟುಹೋಗಬೇಕು. ಹೊತ್ತಿಗೆ ಸರಿಯಾಗಿ ತರದಿದ್ದರೆ ದಂಡ ಬೀಳುತ್ತದೆ. ತಿಂಗಳ ಕೊನೆಗೆ ಬಂದ ಲೆಕ್ಕವನ್ನು ಮಗಳು ತೋರಿಸಿದಳು. ತಾರೀಖು, ಹೊರಟ ಹೊತ್ತು, ಬಂದ ಹೊತ್ತು, ದೂರ, ಹಣ. ಅಷ್ಟೇ. ನಾನು ಆ ಕಾಗದವನ್ನು ಎರಡು ಸಲ ಓದಿದೆ. ಏಕೆ ಹೋದಿರಿ ಎಂದು ಕೇಳುವ ಕಾಲಂ ಅದರಲ್ಲಿ ಎಲ್ಲೂ ಇರಲಿಲ್ಲ.

ಇದರಲ್ಲಿ ಅಂಥದ್ದೇನಿದೆ ಎಂದು ನಿಮಗೆ ಅನ್ನಿಸಬಹುದು. ಅನ್ನಿಸಬೇಕಾದರೆ ನಮ್ಮ ತವರುಮನೆಯ ಕಾರಿನ ಕಥೆ ಹೇಳಬೇಕು.

ನಮ್ಮದು ತೀರ್ಥಹಳ್ಳಿಯ ಕಡೆಯ ಅಡಿಕೆ ತೋಟದ ಮನೆ. ಅಪ್ಪಯ್ಯ, ದೊಡ್ಡಪ್ಪಯ್ಯ ಒಟ್ಟಿಗೇ ಇದ್ದರು. 1968ರಲ್ಲಿ ಇಬ್ಬರೂ ಸೇರಿ ಅರ್ಧರ್ಧ ಹಾಕಿ ಒಂದು ಹಳೆಯ ಅಂಬಾಸಡರ್ ಕಾರು ಕೊಂಡರು. ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು. ಅಪ್ಪಯ್ಯನ ಕೈಯಲ್ಲಿ ಅರ್ಧ ಪಾಲಿನ ಹಣ ಇರಲಿಲ್ಲ. ಅಮ್ಮನ ನಾಲ್ಕು ಬಳೆ ಶಿವಮೊಗ್ಗಕ್ಕೆ ಹೋದವು, ವಾಪಸು ಬರಲಿಲ್ಲ. "ಕಾರು ಎಲ್ಲರದ್ದೂ ಅಲ್ವ, ಬಳೆ ನನ್ನೊಬ್ಬಳದ್ದಾಗಿತ್ತು" ಎಂದು ಅಮ್ಮ ಬರಿಗೈ ನೋಡಿಕೊಂಡು ಹೇಳಿದ್ದು ನನಗೆ ನೆನಪಿದೆ. ದುಃಖದಿಂದ ಹೇಳಿದ್ದಲ್ಲ, ಹೆಮ್ಮೆಯಿಂದಲೇ ಹೇಳಿದ್ದು.

ಕೀ ದೊಡ್ಡಪ್ಪಯ್ಯನ ಜನಿವಾರದಲ್ಲಿ ತೂಗುತ್ತಿತ್ತು. ಅವರು ಕೆಟ್ಟವರಲ್ಲ. ಮನೆಗೆ ಹಿರಿಯರು, ಡ್ರೈವಿಂಗು ಬರುತ್ತಿದ್ದದ್ದೂ ಅವರಿಗೇ. ಮಂಡಿಗೆ, ಕೋರ್ಟಿಗೆ, ಮದುವೆ ಮನೆಗೆ ಕಾರು ಹೋಗುತ್ತಿತ್ತು. ಉಳಿದ ದಿನ ಟಾರ್ಪಾಲು ಹೊದ್ದು ಕೊಟ್ಟಿಗೆಯ ಪಕ್ಕ ನಿಂತಿರುತ್ತಿತ್ತು. ಯಾರಿಗಾದರೂ ಕಾರು ಬೇಕೆಂದರೆ ಮೊದಲು ಬರುತ್ತಿದ್ದ ಮಾತು "ಯಾಕಂತೆ?" ಹೆಂಗಸರಿಗಂತೂ ಆ ಪ್ರಶ್ನೆಯನ್ನು ನೇರ ಎದುರಿಸುವ ಭಾಗ್ಯವೂ ಇರಲಿಲ್ಲ. ಅಮ್ಮ ಅಜ್ಜಿಗೆ ಹೇಳಬೇಕು, ಅಜ್ಜಿ ಅಪ್ಪಯ್ಯನಿಗೆ, ಅಪ್ಪಯ್ಯ ಜಗುಲಿಯ ಕಂಬ ಹಿಡಿದು ನಿಂತು ಅಣ್ಣನಿಗೆ. ಅಷ್ಟು ದೂರ ಹೋಗುವಷ್ಟರಲ್ಲಿ ಎಂಥ ಅಗತ್ಯವೂ ಸವೆದು ಸಣ್ಣದಾಗಿರುತ್ತಿತ್ತು.

1974ರ ಆಷಾಢ. ನಾನಾಗ ಎಸ್ಸೆಸ್ಸೆಲ್ಸಿ ಓದುತ್ತಿದ್ದೆ. ಕೊಪ್ಪದ ಆಚೆ ಇದ್ದ ಅಮ್ಮನ ತವರಿನಿಂದ ಸಂಜೆ ಆಳೊಬ್ಬ ಬಂದು, ಅಜ್ಜನಿಗೆ ಮೈ ಸರಿ ಇಲ್ಲ, ಮಗಳನ್ನು ಕೇಳುತ್ತಿದ್ದಾರೆ ಎಂದ. ಮಾತು ಎಂದಿನ ದಾರಿಯಲ್ಲೇ ಹೋಗಿ ಜಗುಲಿ ಮುಟ್ಟಿತು. ದೊಡ್ಡಪ್ಪಯ್ಯ ಅಂದರು: "ವಯಸ್ಸಾದವರಿಗೆ ಜ್ವರ ಬರದೆ ಇರುತ್ತದೆಯೇ? ನಾಡಿದ್ದು ಮಂಡಿಗೆ ಹೋಗಬೇಕು, ಇರುವುದು ಅಷ್ಟೇ ಪೆಟ್ರೋಲು. ಬೆಳಿಗ್ಗೆ ಬಸ್ಸಿಗೆ ಹೋಗಲಿ." ಪೆಟ್ರೋಲಿನ ಬೆಲೆ ಏಕಾಏಕಿ ಏರಿದ್ದ ವರ್ಷ ಅದು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಪ್ಪಯ್ಯ ಇನ್ನೊಂದು ಮಾತು ಆಡಲಿಲ್ಲ.

ಮಾರನೇ ದಿನ ಅಮ್ಮನೂ ನಾನೂ ಬಸ್ಸು ಹಿಡಿದೆವು. ದಾರಿಯಲ್ಲಿ ಮರ ಬಿದ್ದಿತ್ತು. ಎರಡು ಬಸ್ಸು ಬದಲಾಯಿಸಿ, ಕೊನೆಯ ಮೂರು ಮೈಲಿ ಕಂಬಳಿಕೊಪ್ಪೆ ಹಾಕಿಕೊಂಡು ನಡೆದು ಮುಟ್ಟಿದಾಗ ಹೊತ್ತು ಇಳಿದಿತ್ತು. ಅಂಗಳದಲ್ಲಿ ಚಾಪೆ ಮಾತ್ರ ಇತ್ತು. ಆ ಮಳೆಯಲ್ಲಿ ಎಷ್ಟು ಹೊತ್ತು ಕಾಯುತ್ತಾರೆ? ಅಮ್ಮ ಅಳಲಿಲ್ಲ. ಅಜ್ಜ ಕೂರುತ್ತಿದ್ದ ಮಣೆಯನ್ನು ಸೆರಗಿನಿಂದ ಒರೆಸಿ ಗೋಡೆಗೆ ಒರಗಿಸಿಟ್ಟಳು. ಆಮೇಲೆ ಬದುಕಿದ್ದಷ್ಟು ಕಾಲ ಅವಳು ಆ ಕಾರು ಹತ್ತಲಿಲ್ಲ. ಯಾಕೆಂದು ಯಾರೂ ಕೇಳಲೂ ಇಲ್ಲ. 1981ರಲ್ಲಿ ಮನೆ ಹಿಸ್ಸೆಯಾದಾಗ ತೋಟ, ಗದ್ದೆ, ಪಾತ್ರೆ ಎಲ್ಲ ಪಾಲಾಯಿತು, ಕಾರೊಂದು ಆಗಲಿಲ್ಲ. ಯಾರು ಎಷ್ಟು ಓಡಿಸಿದ್ದು, ಟೈರಿಗೆ ಯಾರು ಕೊಟ್ಟದ್ದು ಎಂಬುದಕ್ಕೆ ಒಂದು ಚೀಟಿಯ ಲೆಕ್ಕವೂ ಇರಲಿಲ್ಲ. ಅಣ್ಣತಮ್ಮಂದಿರ ಮಾತು ನಿಂತಿತು. ಕಾರಿನ ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡತೊಡಗಿತು. ಕಡೆಗೆ ಗುಜರಿಯವನು ಎಳೆದುಕೊಂಡು ಹೋದ.

ಜ್ಯೂರಿಕ್ಕಿನಲ್ಲಿ ಆ ಲೆಕ್ಕದ ಕಾಗದ ಹಿಡಿದು ಕೂತಾಗ ನನ್ನ ಕಣ್ಣ ಮುಂದೆ ಬಂದದ್ದು ಇದೆಲ್ಲ. ಹಂಚಿಕೊಳ್ಳುವುದು ನಮಗೇನು ಹೊಸದಲ್ಲ, ಕಾರನ್ನೂ ಹಂಚಿಕೊಂಡವರೇ ನಾವು. ಹಾಗಾದರೆ ಇವರದು ನಡೆದು ನಮ್ಮದು ಮುರಿದದ್ದು ಎಲ್ಲಿ? ಮೂವತ್ತು ವರ್ಷ ಮಕ್ಕಳಿಗೆ ಚರಿತ್ರೆ ಪಾಠ ಮಾಡಿದವಳು ನಾನು. ಪಾಣಿಪತ್ ಕದನಗಳ ಇಸವಿ ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ. ಈ ಕಾರಿನ ಚರಿತ್ರೆ ಮಾತ್ರ ಗೊತ್ತಿರಲಿಲ್ಲ. ಹುಡುಕಿ ಓದಿದೆ.

ಮೊದಲೇ ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ. ಒಂದೇ ಕಾರಿನಲ್ಲಿ ನಾಲ್ಕು ಜನ ಒಟ್ಟಿಗೆ ಹೋಗುವುದು ಒಂದು, ಒಂದೇ ಕಾರನ್ನು ನಾಲ್ಕು ಮನೆಯವರು ಸರದಿಯ ಮೇಲೆ ಬಳಸುವುದು ಇನ್ನೊಂದು. ಮೊದಲನೆಯದಕ್ಕೆ ಎರಡನೇ ಮಹಾಯುದ್ಧದ ಕಾಲದ ಅಮೆರಿಕ ಹೆಸರಾಯಿತು. ಜಪಾನ್ ಆಗ್ನೇಯ ಏಷ್ಯಾವನ್ನು ಹಿಡಿದಾಗ ಅಲ್ಲಿನ ರಬ್ಬರು ಅಮೆರಿಕಕ್ಕೆ ಬರುವುದು ನಿಂತಿತು. ಟೈರು ಉಳಿಸಲಿಕ್ಕಾಗಿ 1942ರಲ್ಲಿ ಪೆಟ್ರೋಲಿಗೂ ರೇಷನ್ನು ಬಂತು. 1943ರ ಒಂದು ಸರ್ಕಾರಿ ಭಿತ್ತಿಚಿತ್ರದಲ್ಲಿ ಒಬ್ಬನೇ ಕಾರು ಓಡಿಸುತ್ತಿರುವವನ ಪಕ್ಕದ ಸೀಟಿನಲ್ಲಿ ಹಿಟ್ಲರನ ನೆರಳು ಕೂತಿದೆ. ಒಬ್ಬನೇ ಹೋದರೆ ಶತ್ರುವಿನ ಜತೆ ಹೋದಂತೆ ಎಂದು ಅರ್ಥ. ಯುದ್ಧ ಮುಗಿಯಿತು, ರೇಷನ್ನು ಹೋಯಿತು, ಒಟ್ಟಿಗೆ ಹೋಗುವ ಅಭ್ಯಾಸವೂ ಸಡಿಲವಾಯಿತು. ಹೆದರಿಕೆಯಿಂದ ಬಂದ ಹಂಚಿಕೆ ಹೆದರಿಕೆ ಇರುವವರೆಗೆ ಮಾತ್ರ.

ಎರಡನೆಯದು, ಎಂದರೆ ಸರದಿಯ ಕಾರು, ಹುಟ್ಟಿದ್ದು ನನ್ನ ಮಗಳಿರುವ ಜ್ಯೂರಿಕ್ಕಿನಲ್ಲೇ, 1948ರಲ್ಲಿ. ಅಲ್ಲಿ ಸಹಕಾರ ಸಂಘಗಳು ಮನೆ ಕಟ್ಟಿಸಿ ಸದಸ್ಯರಿಗೆ ಬಾಡಿಗೆಗೆ ಕೊಡುವುದು ಹಿಂದಿನಿಂದ ಬಂದ ಪದ್ಧತಿ. ಅಂಥ ಒಂದು ವಸತಿ ಸಂಘದ ಜನ ಸೇರಿ ಒಂದು ಕಾರು ಬಳಗ ಮಾಡಿಕೊಂಡರು. ಸೆಫಾಗೆ ಎಂದು ಅದರ ಹೆಸರು, ತಾವೇ ಓಡಿಸಿಕೊಳ್ಳುವವರ ಕೂಟ ಎಂಬರ್ಥದ ಜರ್ಮನ್ ಮಾತಿನ ಹ್ರಸ್ವರೂಪ. ಪರಿಸರ, ಹೊಗೆ, ಭೂಮಿಯ ಉಷ್ಣಾಂಶ ಇದಾವ ಮಾತೂ ಆಗ ಅವರ ಬಾಯಲ್ಲಿರಲಿಲ್ಲ. ಒಬ್ಬೊಬ್ಬರೇ ಕಾರು ಕೊಳ್ಳಲು ಹಣವಿರಲಿಲ್ಲ, ಅಷ್ಟೇ. ನಮ್ಮ ಅಪ್ಪಯ್ಯ ದೊಡ್ಡಪ್ಪಯ್ಯನದೂ ಇದೇ ಕಾರಣ. ಆದರೆ ಆ ಕೂಟ 1998ರವರೆಗೆ, ಐವತ್ತು ವರ್ಷ ನಡೆಯಿತು. ನಮ್ಮದು ಹದಿಮೂರಕ್ಕೆ ಮುಗಿಯಿತು.

ಸ್ವಿಟ್ಜರ್ಲೆಂಡ್ ಎಂದ ಕೂಡಲೇ ಅಲ್ಲಿನ ಹೆಂಗಸರಿಗೆ ಎಲ್ಲ ಸ್ವಾತಂತ್ರ್ಯ ಮೊದಲಿನಿಂದ ಇತ್ತು ಎಂದು ತಿಳಿಯಬೇಡಿ. 1948ರಲ್ಲಿ ಅಲ್ಲಿನ ಹೆಣ್ಣುಮಕ್ಕಳಿಗೆ ದೇಶದ ಚುನಾವಣೆಯಲ್ಲಿ ಮತ ಹಾಕುವ ಹಕ್ಕೂ ಇರಲಿಲ್ಲ. ಅದು ಬಂದದ್ದು 1971ರಲ್ಲಿ. ನಮ್ಮ ಅಜ್ಜಿ 1952ರಲ್ಲೇ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದಿದ್ದಳು! ಗಂಡನೇ ಕುಟುಂಬದ ಯಜಮಾನ ಎಂಬ ಅಲ್ಲಿನ ಕಾನೂನು ಬದಲಾದದ್ದು ಇನ್ನೂ ತಡವಾಗಿ, 1988ರಲ್ಲಿ. ಅಂದರೆ ನಮ್ಮ ಜಗುಲಿಯ ಪ್ರಶ್ನೆ ಆ ದೇಶದ ಜಗುಲಿಗಳಲ್ಲೂ ಇತ್ತು.

ಆಮೇಲೆ ಕಥೆ ನೆದರ್‌ಲೆಂಡ್ಸಿನ ಆಮ್ಸ್ಟರ್‌ಡಾಮಿಗೆ ಹೋಗುತ್ತದೆ. ಅಲ್ಲಿ ಲೂದ್ ಸ್ಖಿಮೆಲ್‌ಪೆನಿಂಕ್ ಎಂಬ ತರುಣ 1965ರಲ್ಲಿ ಗೆಳೆಯರೊಂದಿಗೆ ಸೇರಿ ಕೆಲವು ಸೈಕಲ್ಲುಗಳಿಗೆ ಬಿಳಿ ಬಣ್ಣ ಬಳಿದು ಬೀದಿಯಲ್ಲಿ ಬಿಟ್ಟ. ಬೀಗವಿಲ್ಲ, ಬಾಡಿಗೆಯಿಲ್ಲ, ಬೇಕಾದವರು ಹತ್ತಿಹೋಗಬಹುದು. ಬೀಗವಿಲ್ಲದ ಸೈಕಲ್ಲು ಬಿಡುವುದು ಕಾನೂನಿಗೆ ವಿರೋಧ ಎಂದು ಪೊಲೀಸರು ಅವನ್ನು ಎತ್ತಿಕೊಂಡು ಹೋದರು. ಅವನು ಸೋಲೊಪ್ಪಲಿಲ್ಲ. 1974ರಲ್ಲಿ ವಿಟ್‌ಕಾರ್ ಎಂಬ ಮೂರು ಗಾಲಿಯ, ಇಬ್ಬರು ಕೂರುವ ಬಿಳಿ ವಿದ್ಯುತ್ ಕಾರು ತಂದ. ಈ ಸಲ ಬೀಗವೂ ಇತ್ತು, ಲೆಕ್ಕವೂ ಇತ್ತು. ಸದಸ್ಯರು ಕೀ ಹಾಕಿ ಯಾವ ನಿಲ್ದಾಣಕ್ಕೆ ಹೋಗುತ್ತೇವೆಂದು ತಿಳಿಸಬೇಕು, ಅಲ್ಲಿ ಜಾಗವಿದೆಯೇ ಎಂದು ಕಂಪ್ಯೂಟರು ನೋಡಿ ಬಿಡಬೇಕು. ಗಂಟೆಗೆ ಸುಮಾರು 30 ಕಿಲೋಮೀಟರು ವೇಗ. ಸದಸ್ಯರು ಸಾವಿರಗಟ್ಟಲೆ ಸೇರಿದರು, ಆದರೆ ಕಾರುಗಳು 35ರ ಸುಮಾರು ದಾಟಲಿಲ್ಲ, ನಿಲ್ದಾಣಗಳೂ ಐದಕ್ಕೇ ನಿಂತವು. ಬೆಳೆಸಲು ನಗರಾಡಳಿತ ಕೈ ಹಿಡಿಯಲಿಲ್ಲ. 1986ರಲ್ಲಿ ಅದು ಮುಚ್ಚಿತು.

ಅದರ ಮರುವರ್ಷ, 1987ರಲ್ಲಿ, ಸ್ವಿಟ್ಜರ್ಲೆಂಡಿನಲ್ಲೇ ಎರಡು ಕಡೆ ಮತ್ತೆ ಚಿಗುರಿತು. ಸ್ಟಾನ್ಸ್ ಎಂಬ ಸಣ್ಣ ಊರಿನಲ್ಲಿ ಒಂದು, ಜ್ಯೂರಿಕ್ಕಿನಲ್ಲಿ ಇನ್ನೊಂದು, ಎರಡೂ ಸಹಕಾರ ಸಂಘಗಳೇ. ಈ ಸಲದ ಜನ ಬಡವರಲ್ಲ, ಕಾರು ಕೊಳ್ಳಬಲ್ಲವರು, ಆದರೂ ಬೇಡವೆಂದವರು. ನಗರದ ಕಾರು ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ಹೆಚ್ಚೆಂದರೆ ಒಂದೆರಡು ಗಂಟೆ ಓಡುತ್ತದೆ, ಉಳಿದ ಹೊತ್ತೆಲ್ಲ ಬೀದಿಯ ಜಾಗ ತಿಂದು ನಿಂತಿರುತ್ತದೆ ಎಂಬುದು ಅವರಿಗೆ ಕಂಡಿತ್ತು. 1988ರಲ್ಲಿ ಬರ್ಲಿನ್ನಿನಲ್ಲಿ ಮಾರ್ಕುಸ್ ಪೀಟರ್ಸನ್ ಎಂಬಾತ ಸಂಶೋಧನೆಯ ಭಾಗವಾಗಿ ಇಂಥದ್ದನ್ನೇ ಶುರು ಮಾಡಿದ. ಅದಕ್ಕಿಟ್ಟ ಹೆಸರು ಷ್ಟಾಟ್‌ಆಟೋ. ಕಾರಿನ ಬದಲಿಗೆ ಎಂದೂ ಅರ್ಥ, ನಗರದ ಕಾರು ಎಂದೂ ಕಿವಿಗೆ ಕೇಳುತ್ತದೆ. ಆಗ ಮೊಬೈಲು ಎಲ್ಲಿತ್ತು? ಫೋನು ಮಾಡಿ ಹೊತ್ತು ಗೊತ್ತುಮಾಡಿಕೊಳ್ಳುವುದು, ಕಾರು ನಿಲ್ಲುವಲ್ಲಿದ್ದ ಪೆಟ್ಟಿಗೆಯಿಂದ ಕೀ ತೆಗೆದುಕೊಳ್ಳುವುದು, ಓಡಿಸಿದ ಲೆಕ್ಕ ಪುಸ್ತಕದಲ್ಲಿ ಬರೆದಿಡುವುದು. ನಮ್ಮ ಒಗೆಯುವ ಕೋಣೆಯ ಹಾಳೆಗೂ ಇದಕ್ಕೂ ಏನು ದೂರ? 1997ರಲ್ಲಿ ಸ್ವಿಟ್ಜರ್ಲೆಂಡಿನ ಆ ಎರಡೂ ಸಂಘಗಳು ಸೇರಿ ಮೊಬಿಲಿಟಿ ಎಂಬ ಒಂದೇ ಸಹಕಾರ ಸಂಘವಾಯಿತು. ಅದಕ್ಕೀಗ ದೇಶದಾದ್ಯಂತ ಸುಮಾರು 3000 ಕಾರುಗಳಿವೆ. ನಮ್ಮ ಕೂಸು ಸುಬ್ರಹ್ಮಣ್ಯನ ಗುಡಿಗೆ ಹೋದದ್ದು ಅದರ ಕಾರಿನಲ್ಲೇ.

ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಆಪ್ತವಾದದ್ದು ಇಬ್ಬರು ತಾಯಂದಿರ ಕಥೆ. ಅಮೆರಿಕದ ಕೇಂಬ್ರಿಜ್ ಊರಿನ ರಾಬಿನ್ ಚೇಸ್ ಮತ್ತು ಆಂಟ್ಯೆ ಡೇನಿಯಲ್ಸನ್ ಪರಿಚಯವಾದದ್ದು ಮಕ್ಕಳ ಶಿಶುವಿಹಾರದಿಂದಾಗಿ. ಡೇನಿಯಲ್ಸನ್ ಮೂಲತಃ ಜರ್ಮನಿಯವರು, ವಿಜ್ಞಾನಿ. 1999ರಲ್ಲಿ ರಜೆಗೆ ಬರ್ಲಿನ್ನಿಗೆ ಹೋದಾಗ ಅಲ್ಲಿನ ಸರದಿಯ ಕಾರು ನೋಡಿ ಬಂದು ಗೆಳತಿಗೆ ಹೇಳಿದರು. ಚೇಸ್ ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವರ ಮನೆಯಲ್ಲಿದ್ದದ್ದು ಒಂದೇ ಕಾರು. ಗಂಡ ಅದನ್ನು ಬೆಳಿಗ್ಗೆ ಕೆಲಸಕ್ಕೆ ತೆಗೆದುಕೊಂಡು ಹೋದರೆ ಅದು ಸಂಜೆಯವರೆಗೆ ಅಲ್ಲಿ ಸುಮ್ಮನೆ ನಿಂತಿರುತ್ತಿತ್ತು. ಮೂರು ಮಕ್ಕಳ ತಾಯಿಗೆ ಕಾರು ಬೇಕಾಗುತ್ತಿದ್ದದ್ದು ಹಗಲಿನ ಒಂದೆರಡು ಗಂಟೆಗೆ. ಅದಕ್ಕಾಗಿ ಎರಡನೇ ಕಾರು ಕೊಂಡು ಸಾಕುವುದು ಅವರಿಗೆ ಬೇಡವಾಗಿತ್ತು. 2000ದ ಜೂನಿನಲ್ಲಿ ಇಬ್ಬರೂ ಸೇರಿ ಜಿಪ್‌ಕಾರ್ ಶುರು ಮಾಡಿದರು. ಅದು ಸಹಕಾರ ಸಂಘವಲ್ಲ, ಕಂಪನಿ. ಬೆಳೆಯಿತು, ಬಂಡವಾಳ ಬಂತು. ಬಂಡವಾಳದ ಹಿಂದೆ ಯಜಮಾನಿಕೆಯೂ ಬಂತು. 2001ರಲ್ಲಿ ಡೇನಿಯಲ್ಸನ್ ಹೊರಗೆ ಹೋಗಬೇಕಾಯಿತು, ಎರಡು ವರ್ಷಕ್ಕೆ ಚೇಸ್ ಅವರ ಸ್ಥಾನವೂ ಹೋಯಿತು. 2013ರಲ್ಲಿ ದೊಡ್ಡದೊಂದು ಬಾಡಿಗೆ ಕಾರಿನ ಕಂಪನಿ ಸುಮಾರು 50 ಕೋಟಿ ಡಾಲರಿಗೆ ಅದನ್ನು ಕೊಂಡಾಗ ಕಟ್ಟಿದ ಇಬ್ಬರೂ ಅಲ್ಲಿರಲಿಲ್ಲ. ಅಮ್ಮನ ಬಳೆಯ ನೆನಪು ನನಗೆ ಆಗಲೂ ಬಂತು.

ಸೋತ ಕಥೆಯನ್ನೂ ಹೇಳಬೇಕು. ಪ್ಯಾರಿಸ್ ನಗರ 2011ರ ಕೊನೆಯಲ್ಲಿ ಆಟೋಲಿಬ್ ಎಂಬ ಹೆಸರಿನಲ್ಲಿ ಬೂದು ಬಣ್ಣದ ವಿದ್ಯುತ್ ಕಾರುಗಳನ್ನು ಬೀದಿಗಿಳಿಸಿತು. ಸಾವಿರಾರು ಕಾರು, ಲಕ್ಷಕ್ಕೂ ಮೇಲ್ಪಟ್ಟು ಚಂದಾದಾರರು. ಆದರೂ 2018ರಲ್ಲಿ, ನಾನು ಅತ್ತ ಹೋಗಿದ್ದ ವರ್ಷವೇ, ಸಾಲದ ಹೊರೆಯಲ್ಲಿ ಅದು ಮುಚ್ಚಿತು. ಬಳಸುವವರ ದೊಡ್ಡ ದೂರೊಂದಿತ್ತು, ಕಾರೊಳಗಿನ ಕೊಳಕು. ಮುಂದೆ ಕೂರುವವರು ಯಾರೆಂದು ಗೊತ್ತಿಲ್ಲದಿದ್ದರೆ ಕಸ ಬಿಟ್ಟುಹೋಗುವುದು ಸುಲಭ. ಬೆರಳು ತೋರಿಸಲು ಮೇಲಿನ ಮನೆಯ ಮುದುಕಿ ಇರಬೇಕು. ನನ್ನದು ಎನ್ನುವ ವಸ್ತುವಿಗೆ ಬೇಕಾದ ಜತನಕ್ಕಿಂತ ನಮ್ಮದು ಎನ್ನುವುದಕ್ಕೆ ಬೇಕಾದ ಜತನ ಹೆಚ್ಚು.

ಇದರಿಂದ ನಗರಕ್ಕೆ ಲಾಭ ಉಂಟೇ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಲಿಯಟ್ ಮಾರ್ಟಿನ್ ಮತ್ತು ಸೂಸನ್ ಶಾಹೀನ್ 2010ರ ಸುಮಾರಿಗೆ ಉತ್ತರ ಅಮೆರಿಕದ ಸಾವಿರಾರು ಸದಸ್ಯ ಕುಟುಂಬಗಳನ್ನು ವಿಚಾರಿಸಿ ನೋಡಿದರು. ಸರದಿಯ ಒಂದು ಕಾರು ಬಂದರೆ ಸ್ವಂತದ 9ರಿಂದ 13 ಕಾರುಗಳು ಕಡಿಮೆಯಾಗುತ್ತವೆ ಎಂದು ಕಂಡುಬಂತು. ಕೆಲವರು ಇದ್ದದ್ದನ್ನು ಮಾರಿದರು, ಕೆಲವರು ಕೊಳ್ಳಬೇಕೆಂದಿದ್ದನ್ನು ಬಿಟ್ಟರು. ಮೊದಲು ಕಾರೇ ಇಲ್ಲದಿದ್ದ ಬಹಳ ಮಂದಿ ಮೊದಲಿಗಿಂತ ಸ್ವಲ್ಪ ಹೆಚ್ಚೇ ಓಡಾಡಿದರು ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಕಾರು ಮಾರಿದವರು ಬಿಟ್ಟ ಓಡಾಟ ಅದಕ್ಕಿಂತ ಎಷ್ಟೋ ದೊಡ್ಡದಾಗಿದ್ದರಿಂದ ಒಟ್ಟಿನಲ್ಲಿ ಹೊಗೆ ಇಳಿಯಿತು. ಮನೆಯ ಮುಂದೆ ಕಾರು ನಿಂತಿದ್ದರೆ ಸೊಪ್ಪು ತರಲಿಕ್ಕೂ ಹತ್ತುತ್ತೇವೆ. ಗಂಟೆಗಿಷ್ಟು ಎಂದರೆ ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ.

ಇನ್ನು ನಮ್ಮಲ್ಲಿ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಕಾರು ಎನ್ನುವುದು ಜಮೀನುದಾರರ ಅಂಗಳ ಬಿಟ್ಟು ಗುಮಾಸ್ತರ ಬೀದಿಗೂ ಬಂತು. ಅದು ಸಂತೋಷವೇ. ಆದರೆ ಬೆಂಗಳೂರಿನಲ್ಲಿ ಇಂದು ನೋಂದಾಯಿತ ವಾಹನಗಳೇ ಒಂದು ಕೋಟಿ ದಾಟಿವೆ. ಕಾರು ಕೊಳ್ಳುವುದಕ್ಕಿಂತ ನಿಲ್ಲಿಸುವುದು ಕಷ್ಟ. 2013ರಲ್ಲಿ ಅದೇ ಬೆಂಗಳೂರಿನಲ್ಲಿ ಜೂಮ್‌ಕಾರ್ ಎಂಬ ಕಂಪನಿ ಏಳು ಕಾರುಗಳಿಂದ, ಗಂಟೆಯ ಲೆಕ್ಕದಲ್ಲಿ ನೀವೇ ಓಡಿಸಿ ಎಂಬ ವ್ಯಾಪಾರ ಶುರು ಮಾಡಿತು. ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರುವ ಕಾರುಗಳನ್ನು ನೀವು ನೋಡಿರಬಹುದು, ಅವು ಹೀಗೆ ಬಾಡಿಗೆಗೆ ಕೊಡುವಂಥವು. ಬಿಳಿ ಫಲಕದ ಸ್ವಂತ ಕಾರನ್ನು ಬಾಡಿಗೆಗೆ ಬಿಡುವುದು ಕಾನೂನಿಗೆ ಸಲ್ಲುವುದಿಲ್ಲ. ಅಂಥ ಬಾಡಿಗೆಗೆ ಪರವಾನಗಿ ಕೊಡುವ ಯೋಜನೆ 1989ರಲ್ಲಿ ಬಂದಾಗ ಕನಿಷ್ಠ 50 ಕಾರುಗಳಾದರೂ ಇರಬೇಕೆಂದು ಕೇಳಿತು. ಸ್ಟಾನ್ಸಿನವರ ಹಾಗೆ ಒಂದು ಬೀದಿಯ ಜನ ಒಂದು ಕಾರಿನಿಂದ ಶುರು ಮಾಡುವ ದಾರಿ ಅದರಲ್ಲಿ ಇರಲಿಲ್ಲ.

ಸಹಕಾರ ನಮಗೆ ಬಾರದ ವಿದ್ಯೆಯೇನಲ್ಲ. ಗದಗದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದರು. ಅಮ್ಮನ ತವರಿನ ಕೊಪ್ಪದಲ್ಲೇ ಮುಚ್ಚಿಹೋದ ಖಾಸಗಿ ಬಸ್ ಕಂಪನಿಯ ನೌಕರರು ಸೇರಿ 1991ರಲ್ಲಿ ಸಹಕಾರ ಸಾರಿಗೆ ಕಟ್ಟಿ, ಮಲೆನಾಡಿನ ಹಳ್ಳಿಹಳ್ಳಿಗೆ ಬಸ್ಸು ಓಡಿಸಿದರು. ನಷ್ಟದಿಂದ 2020ರಲ್ಲಿ ಅದು ನಿಂತಾಗ ಮನೆಯವರೊಬ್ಬರು ಹೋದಷ್ಟು ಬೇಸರವಾಯಿತು. ಎಲ್ಲರೂ ಹಂಚಿಕೊಳ್ಳುವ ದೊಡ್ಡ ಕಾರು ಎಂದರೆ ಬಸ್ಸೇ ತಾನೆ? 2023ರ ಜೂನ್ 11ರಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ಹಣವಿಲ್ಲ ಎಂದಾಗ ಎಷ್ಟೋ ಜನ ನಕ್ಕರು, ಇವರೆಲ್ಲ ಎಲ್ಲಿಗೆ ಹೊರಟರು, ಯಾಕೆ ಹೊರಟರು ಎಂದು. ಮತ್ತೆ ಅದೇ "ಯಾಕಂತೆ?" ನನಗೆ ನಗು ಬರಲಿಲ್ಲ.

ಜ್ಯೂರಿಕ್ಕಿನಿಂದ ಬಂದವಳು ನಾನು ದೊಡ್ಡದೇನೂ ಮಾಡಲಿಲ್ಲ. ಶಿವಮೊಗ್ಗದ ನಮ್ಮ ಮನೆಯ ಮಾಳಿಗೆಯಲ್ಲಿ ಮೈದುನನ ಸಂಸಾರವಿದೆ. ಅವರು ಆಗ ಕಾರು ಕೊಳ್ಳುವ ಯೋಚನೆಯಲ್ಲಿದ್ದರು. ನಮ್ಮದು ವಾರದಲ್ಲಿ ಐದು ದಿನ ಶೆಡ್ಡಿನಲ್ಲಿ ನಿಂತಿರುತ್ತಿತ್ತು, ಕೀ ಮಾತ್ರ ಇವರ ಜೇಬಿನಲ್ಲಿ. ನಾನು ಐವತ್ತರ ಹತ್ತಿರ ಲೈಸೆನ್ಸು ಮಾಡಿಸಿಕೊಂಡಿದ್ದರೂ ಒಂದು ದಿನ ಕೇಳದೆ ತೆಗೆದವಳಲ್ಲ. ಒಂದು ಭಾನುವಾರ ಎಲ್ಲರನ್ನೂ ಕೂರಿಸಿ ಹೇಳಿದೆ: ಇನ್ನೊಂದು ಕಾರು ಬೇಡ, ಇದನ್ನೇ ಎರಡು ಮನೆಯವರೂ ಬಳಸೋಣ. ಬಾಡಿಗೆ ಬೇಡ, ಖರ್ಚು ಮಾತ್ರ ಕಿಲೋಮೀಟರಿನ ಲೆಕ್ಕದಲ್ಲಿ ಹಂಚಿಕೊಳ್ಳೋಣ.

ಇವರು ಒಪ್ಪಲಿಲ್ಲ. "ನಿನ್ನ ತವರಿನ ಕಥೆ ಮರೆತೆಯಾ? ಅಣ್ಣತಮ್ಮಂದಿರ ನಡುವೆ ಕಾರು ಬಂದರೆ ಏನಾಗುತ್ತದೆ ಅಂತ ನೀನೇ ನೋಡಿದವಳಲ್ಲವಾ?" ಎಂದರು. ಮಾತು ನಿಜವೇ. ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. "ಅಲ್ಲಿ ಪುಸ್ತಕ ಇರಲಿಲ್ಲ" ಎಂದಷ್ಟೇ ಹೇಳಿದೆ.

ಹೊರಬಾಗಿಲ ಪಕ್ಕ ಒಂದು ಮೊಳೆ ಹೊಡೆಸಿ ಕೀ ಅಲ್ಲಿ ತೂಗುಹಾಕಿದೆವು. ಕೆಳಗೆ ದಾರ ಕಟ್ಟಿದ ಒಂದು ನೋಟ್‌ಬುಕ್ಕು. ಹೆಸರು, ತಾರೀಖು, ಹೊತ್ತು, ಮೀಟರಿನ ಸಂಖ್ಯೆ, ಹಾಕಿಸಿದ ಪೆಟ್ರೋಲು. ಮುಂಚಿತವಾಗಿ ಬರೆದಿಟ್ಟವರಿಗೆ ಕಾರು. ಆಸ್ಪತ್ರೆಯ ತುರ್ತಿದ್ದರೆ ಬರೆದವರೂ ಬಿಟ್ಟುಕೊಡಬೇಕು. ಎರಡು ಮನೆಯ ನಾಲ್ಕೂ ಜನರ ಹೆಸರು ಮೊದಲ ಪುಟದಲ್ಲಿ ಬರೆದೆ, ಇವರದ್ದು ಎಷ್ಟು ದೊಡ್ಡ ಅಕ್ಷರವೋ ಓರಗಿತ್ತಿಯದೂ ಅಷ್ಟೇ ದೊಡ್ಡ ಅಕ್ಷರ. ಜಗಳ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಿಂದಿನ ಬಾಗಿಲಿಗೆ ಗೀರು ಬಿದ್ದಾಗ ಎರಡು ದಿನ ಮೇಲಿನ ಮನೆಯಿಂದ ಕಾಫಿಗೆ ಯಾರೂ ಇಳಿಯಲಿಲ್ಲ. ಮೂರನೇ ದಿನ ಪುಸ್ತಕ ತೆಗೆದು ನೋಡಿದರೆ ಹಿಂದಿನ ಸಂಜೆ ಓಡಿಸಿದ್ದು ನಮ್ಮ ಮನೆಯವರೇ. ಅವರು ಪೆಚ್ಚಾಗಿ ತಾವೇ ಮಾಳಿಗೆ ಹತ್ತಿ ಹೋಗಿ ತಮ್ಮನನ್ನು ಕರೆತಂದರು. ಆ ಹಳೆಯ ಅಂಬಾಸಡರಿನ ಬಳಿ ಇಂಥ ಒಂದು ನೂರು ಪುಟದ ನೋಟ್‌ಬುಕ್ಕು ಇದ್ದಿದ್ದರೆ ಎಂದು ನನಗೆ ಅಂದು ರಾತ್ರಿ ನಿದ್ದೆ ಹತ್ತಲಿಲ್ಲ.

ಈಗ ಅದು ಮೂರನೇ ನೋಟ್‌ಬುಕ್ಕು. ಕಳೆದ ಆಷಾಢದಲ್ಲಿ ಒಂದು ಬೆಳಿಗ್ಗೆ ನನ್ನ ಹೆಸರು, ತಾರೀಖು, ಮೀಟರು ಬರೆದು ಕೀ ತೆಗೆದುಕೊಂಡೆ. ಕೊಪ್ಪದ ಆಚೆ ಅಜ್ಜನ ಮನೆಯಲ್ಲಿ ಈಗ ನಮ್ಮವರೆನ್ನುವವರು ಯಾರೂ ಇಲ್ಲ, ಕೆಲಸವೂ ಇರಲಿಲ್ಲ. ಮಳೆ ಹನಿಯುತ್ತಿತ್ತು. ಇವರು ಜಗುಲಿಯಲ್ಲಿ ಪೇಪರು ಓದುತ್ತಿದ್ದವರು ಕನ್ನಡಕದ ಮೇಲಿನಿಂದ ನೋಡಿದರು. ಏನೋ ಕೇಳಲು ಬಾಯಿ ತೆರೆದವರು ತಡೆದು, "ವೈಪರು ಸರಿಮಾಡಿಸಿದ್ದೇನೆ, ನೋಡಿಕೊಂಡು ಹೋಗು" ಎಂದರು.